ತಟ್ಟೆಯ ಸೊಪ್ಪು, ಒಲೆಯ ಹೊಗೆ

ಮಲೆನಾಡಿನಿಂದ ಬಂದು ಬೆಂಗಳೂರಿನ ತ್ಯಾಗರಾಜನಗರದಲ್ಲಿ ನೆಲೆಸಿರುವ ನಮ್ಮಂಥವರು ನೆರೆಹೊರೆಯವರಿಂದ ಮೇಲಿಂದ ಮೇಲೆ ಕೇಳುವ ಮಾತೊಂದಿದೆ: "ನಿಮ್ಮ ಕಡೆ ಗಾಳಿಯೂ ಒಳ್ಳೆಯದು, ಊಟವೂ ಒಳ್ಳೆಯದು. ಕೆಮ್ಮು, ದಮ್ಮು ಎಲ್ಲ ನಮಗೇ." ಈ ಮಾತಿನಲ್ಲಿ ಅಭಿಮಾನವಿದೆ, ಅರ್ಧದಷ್ಟು ಸತ್ಯವೂ ಇದೆ. ಆದರೆ ಉಳಿದ ಅರ್ಧವನ್ನು ನಾವು ನಮ್ಮೊಳಗೆ ಚರ್ಚಿಸಿದ್ದು ಕಡಿಮೆ. ಒಳ್ಳೆಯ ಊಟಕ್ಕೂ ಶ್ವಾಸಕೋಶದ ಆರೋಗ್ಯಕ್ಕೂ ಸಂಬಂಧವಿದೆ ಎಂಬುದನ್ನು ಇಂದಿನ ವೈದ್ಯವಿಜ್ಞಾನ ಗಂಭೀರವಾಗಿ ಪರಿಗಣಿಸುತ್ತಿದೆ. ಆ ಒಳ್ಳೆಯ ಊಟ ನಮ್ಮ ಬೆಟ್ಟದ ಮನೆಗಳಲ್ಲಿ ಎಲ್ಲಿ ಬೇಯುತ್ತದೆ, ಬೇಯಿಸುವವರ ಪಾಲಿಗೆ ಅದರಲ್ಲಿ ಎಷ್ಟು ಸಿಗುತ್ತದೆ ಎಂಬ ಪ್ರಶ್ನೆಗಳನ್ನು ಮಾತ್ರ ನಾವೇ ಕೇಳಿಕೊಳ್ಳಬೇಕಾಗಿದೆ.

ಕಾಯಿಲೆಯ ಪರಿಚಯ

ವೈದ್ಯರು ಸಿಒಪಿಡಿ ಎಂದು ಕರೆಯುವ ದೀರ್ಘಕಾಲೀನ ಶ್ವಾಸಕೋಶದ ಕಾಯಿಲೆ ಒಂದೇ ದಿನದಲ್ಲಿ ಬರುವುದಲ್ಲ. ಹೊಗೆ ಹಾಗೂ ಧೂಳು ವರ್ಷಗಟ್ಟಲೆ ಒಳಹೊಕ್ಕಾಗ ಶ್ವಾಸನಾಳಗಳ ಒಳಪದರ ಊದಿಕೊಂಡು ಕಿರಿದಾಗುತ್ತದೆ, ಕಫ ಹೆಚ್ಚುತ್ತದೆ, ಗಾಳಿಗೂಡುಗಳ ತೆಳು ಗೋಡೆಗಳು ನಶಿಸುತ್ತವೆ. ಎಳೆದುಕೊಂಡ ಉಸಿರನ್ನು ಪೂರ್ತಿಯಾಗಿ ಹೊರಬಿಡಲು ಆಗದಂತಾಗುತ್ತದೆ. ಅಸ್ತಮಾದಲ್ಲಿ ಉಬ್ಬಸ ಬಂದು ಹೋಗುವುದುಂಟು. ಇಲ್ಲಿ ಕಳೆದುಕೊಂಡ ಶಕ್ತಿ ಬಹುಪಾಲು ಮರಳಿ ಬರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದನ್ನು "ವಯಸ್ಸಾಯಿತು, ಗೂರಲು" ಎಂದು ಒಪ್ಪಿಕೊಂಡು ಸುಮ್ಮನಾಗುವವರೇ ಹೆಚ್ಚು. ಬಾವಿಯಿಂದ ಕೊಡ ಹೊತ್ತು ದರೆ ಹತ್ತುವಾಗ ನಡುವೆ ನಿಂತು ಸುಧಾರಿಸಿಕೊಳ್ಳುವ ಅಮ್ಮಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಕಾಯಿಲೆಯಿರಬಹುದೆಂದು ಯೋಚಿಸಿದವರು ವಿರಳ.

ಈ ಕಾಯಿಲೆಯ ವ್ಯಾಪ್ತಿ ಸಣ್ಣದಲ್ಲ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಇದರಿಂದ ಬಳಲುವವರ ಸಂಖ್ಯೆ 1990ರಲ್ಲಿ 2.81 ಕೋಟಿಯಿದ್ದುದು 2016ರ ಹೊತ್ತಿಗೆ 5.53 ಕೋಟಿಗೆ ಏರಿತ್ತು. ಈ ಕಾಯಿಲೆಯ ಹೊರೆಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು, ಅಂದರೆ ಶೇ. 53.7ರಷ್ಟು, ಮನೆಯ ಒಳಗಿನ ಮತ್ತು ಹೊರಗಿನ ವಾಯುಮಾಲಿನ್ಯದ್ದು. ತಂಬಾಕಿನ ಪಾಲು ಶೇ. 25.4. ಪಾಶ್ಚಾತ್ಯ ದೇಶಗಳಲ್ಲಿ ಇದು ಪ್ರಧಾನವಾಗಿ ಸಿಗರೇಟು ಸೇದುವವರ ಕಾಯಿಲೆ. ನಮ್ಮಲ್ಲಿ ಬೀಡಿಯನ್ನು ಕೈಯಿಂದಲೂ ಮುಟ್ಟದ ಹೆಂಗಸರಿಗೂ ಇದು ಬರುತ್ತದೆ. ಮುಂದಿನ ಮಾತುಗಳನ್ನೆಲ್ಲ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಊಟಕ್ಕೂ ಉಸಿರಿಗೂ ಏನು ನಂಟು?

ಅಮೆರಿಕದಲ್ಲಿ ದಾದಿಯರು ಮತ್ತು ಆರೋಗ್ಯ ವೃತ್ತಿಯ ಗಂಡಸರನ್ನು ಹಲವು ವರ್ಷ ಹಿಂಬಾಲಿಸಿದ ಎರಡು ದೊಡ್ಡ ಅಧ್ಯಯನಗಳಿವೆ. ಅವುಗಳಲ್ಲಿದ್ದ 73,228 ಹೆಂಗಸರು ಹಾಗೂ 47,026 ಗಂಡಸರ ಆಹಾರಕ್ರಮವನ್ನು ಅಂಕಗಳಿಂದ ಅಳೆದ ವಿಶ್ಲೇಷಣೆಯೊಂದು 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಇಡಿಧಾನ್ಯ, ತರಕಾರಿ, ಹಣ್ಣು, ಕಾಳು, ಬೀಜಗಳು, ಮೀನಿನಲ್ಲಿರುವಂಥ ಒಳ್ಳೆಯ ಕೊಬ್ಬು ಹೆಚ್ಚಿದ್ದಷ್ಟೂ ಹೆಚ್ಚು ಅಂಕ. ಸಂಸ್ಕರಿಸಿದ ಮಾಂಸ, ಸಕ್ಕರೆ ಬೆರೆಸಿದ ಪಾನೀಯಗಳು ಹೆಚ್ಚಿದ್ದಷ್ಟೂ ಕಡಿಮೆ ಅಂಕ. ಅತಿ ಹೆಚ್ಚು ಅಂಕ ಪಡೆದ ಐದನೆಯ ಒಂದು ಭಾಗದವರಲ್ಲಿ, ಅತಿ ಕಡಿಮೆ ಅಂಕ ಪಡೆದ ಐದನೆಯ ಒಂದು ಭಾಗದವರಿಗಿಂತ ಈ ಕಾಯಿಲೆಯ ಅಪಾಯ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಿತ್ತು. ಸಿಗರೇಟಿನ ಚಟ, ವಯಸ್ಸು, ದೇಹದ ತೂಕ, ವ್ಯಾಯಾಮ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಉಳಿಯಿತು.

2017ರಲ್ಲಿ ಥೋರಾಕ್ಸ್ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಅಧ್ಯಯನ ನಮಗೆ ಇನ್ನಷ್ಟು ಹತ್ತಿರದ ಪಾಠ ಹೇಳುತ್ತದೆ. 44,000ಕ್ಕೂ ಮೇಲ್ಪಟ್ಟ ಗಂಡಸರನ್ನು ಸುಮಾರು 13 ವರ್ಷ ಗಮನಿಸಿದಾಗ, ದಿನಕ್ಕೆ ಒಂದು ಪಾಲು ಹಣ್ಣು ಅಥವಾ ತರಕಾರಿ ಹೆಚ್ಚಾದಂತೆ ಸೇದುವವರಲ್ಲಿ ಅಪಾಯ ಶೇ. 8ರಷ್ಟು, ಸೇದುವುದನ್ನು ಬಿಟ್ಟವರಲ್ಲಿ ಶೇ. 4ರಷ್ಟು ಕಡಿಮೆಯಾಗಿದ್ದುದು ಕಂಡುಬಂತು. ಎಂದೂ ಸೇದದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಹೊಗೆಯ ದಾಳಿಗೆ ಒಳಗಾದ ಶ್ವಾಸಕೋಶಕ್ಕೇ ಸೊಪ್ಪು-ಹಣ್ಣಿನ ಬೆಂಬಲ ಹೆಚ್ಚು ಬೇಕಾಗಿದೆ ಎಂದು ತೋರುತ್ತದೆ.

ಇದರ ಹಿಂದಿನ ಕಾರಣವನ್ನು ಹೀಗೆ ವಿವರಿಸಲಾಗುತ್ತದೆ. ಹೊಗೆಯ ಪ್ರತಿಯೊಂದು ಉಸಿರಿನಲ್ಲೂ ಜೀವಕೋಶಗಳನ್ನು ಸುಡುವ ತೀಕ್ಷ್ಣ ರಾಸಾಯನಿಕ ಕಣಗಳಿರುತ್ತವೆ. ಶ್ವಾಸಕೋಶದ ಒಳಮೈಯನ್ನು ಸವರಿಕೊಂಡಿರುವ ತೆಳು ದ್ರವದಲ್ಲಿ ಸಿ ಜೀವಸತ್ವದಂಥ ರಕ್ಷಕ ವಸ್ತುಗಳಿದ್ದು, ಅವು ಈ ಕಣಗಳನ್ನು ತಣಿಸುತ್ತವೆ. ಆ ಕೆಲಸದಲ್ಲಿ ತಾವೇ ಖರ್ಚಾಗುತ್ತವೆ. ಖರ್ಚಾದುದನ್ನು ತುಂಬಿಕೊಡಬೇಕಾದದ್ದು ಊಟ. ಸೊಪ್ಪು, ಹಣ್ಣು, ಕಾಳುಗಳ ನಾರಿನಂಶ ದೇಹದ ಒಟ್ಟಾರೆ ಉರಿಯೂತವನ್ನೂ ತಗ್ಗಿಸುತ್ತದೆ. ಸಾಲದ್ದಕ್ಕೆ, ಶ್ವಾಸಕೋಶ ಬೆಳೆಯುವುದು ತಾಯಿಯ ಗರ್ಭದಿಂದ ತೊಡಗಿ ಇಪ್ಪತ್ತರ ಆಸುಪಾಸಿನವರೆಗೆ ಮಾತ್ರ. ಬಸುರಿಯ ಊಟ, ಮಗುವಿನ ಊಟ ಸೊರಗಿದರೆ ಶ್ವಾಸಕೋಶದ ಮೂಲ ಬಂಡವಾಳವೇ ಕಡಿಮೆಯಾಗುತ್ತದೆ. ಮುಂದೆ ಹೊಗೆ ಕೊರೆಯುವುದು ಈ ಸಣ್ಣ ಬಂಡವಾಳವನ್ನೇ.

ಇಷ್ಟು ಓದಿದವರು ಔಷಧಿ ಅಂಗಡಿಯ ಜೀವಸತ್ವದ ಮಾತ್ರೆಗಳತ್ತ ಓಡಬೇಕಾಗಿಲ್ಲ. ಫಿನ್ಲೆಂಡಿನಲ್ಲಿ 29,133 ಮಂದಿ ಸೇದುವ ಗಂಡಸರಿಗೆ ಬೀಟಾ ಕ್ಯಾರೊಟಿನ್ ಮತ್ತು ಇ ಜೀವಸತ್ವದ ಮಾತ್ರೆ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಾಗ ವೈದ್ಯಲೋಕ ಬೆಚ್ಚಿತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಅದೇ ಪ್ರಯೋಗದಲ್ಲಿ ದೀರ್ಘಕಾಲೀನ ಕೆಮ್ಮು, ದಮ್ಮುಗಳಿಗೂ ಮಾತ್ರೆಯಿಂದ ಪ್ರಯೋಜನ ಕಾಣಲಿಲ್ಲ. ಹರಿವೆ ಸೊಪ್ಪಿನಲ್ಲಿರುವ ಒಂದು ವಸ್ತುವನ್ನು ಬೇರ್ಪಡಿಸಿ ಗುಳಿಗೆ ಮಾಡಿದರೆ ಅದು ಹರಿವೆ ಸೊಪ್ಪಾಗುವುದಿಲ್ಲ.

ಬಡಾವಣೆಯ ತಟ್ಟೆ, ಬೆಟ್ಟದ ತಟ್ಟೆ

ತ್ಯಾಗರಾಜನಗರ ಬಸವನಗುಡಿಗೆ ಹೊಂದಿಕೊಂಡಿರುವ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ ಇಕ್ಕಟ್ಟಿನ ಪೇಟೆಯಿಂದ ಜನ ಹೊರಬಂದು ಗಾಳಿ, ಬೆಳಕು ಹುಡುಕಿಕೊಂಡ ಬಡಾವಣೆಗಳೆಂಬುದು ಗಮನಾರ್ಹ. ಅಗಲ ಬೀದಿ, ಸಾಲುಮರ, ಮನೆಯ ಸುತ್ತ ಜಾಗ ಎಲ್ಲವನ್ನೂ ಆರೋಗ್ಯಕ್ಕಾಗಿಯೇ ಯೋಚಿಸಲಾಗಿತ್ತು. ಇಂದು ಅದೇ ಬೀದಿಗಳಲ್ಲಿ ವಾಹನಗಳ ಹೊಗೆ ದಟ್ಟೈಸುತ್ತದೆ. ಆದರೆ ಅಡುಗೆಮನೆಯೊಳಗೆ ಗ್ಯಾಸ್ ಒಲೆ ಬಂದು ದಶಕಗಳೇ ಕಳೆದಿವೆ. ಗಾಂಧಿ ಬಜಾರಿಗೆ ನಡೆದು ಹೋದರೆ ಹತ್ತು ಬಗೆಯ ಸೊಪ್ಪು, ಹಣ್ಣು ಸಿಗುತ್ತವೆ. ಕೊಳ್ಳಲು ಕೈಯಲ್ಲಿ ಹಣವಿರಬೇಕು, ಅಷ್ಟೆ.

ಬೆಟ್ಟದ ತಟ್ಟೆಗೆ ಹಣವೂ ಅಷ್ಟಾಗಿ ಬೇಡ. ಒಂದೆಲಗದ ತಂಬುಳಿ, ದೊಡ್ಡಪತ್ರೆಯ ತಂಬುಳಿ, ಬಸಳೆಯ ಹುಳಿ, ಹರಿವೆಯ ಪಲ್ಯ, ಕೆಸುವಿನ ಪತ್ರೊಡೆ, ನುಗ್ಗೆಸೊಪ್ಪು, ಹಲಸಿನ ಗುಜ್ಜೆ, ಹಲಸಿನ ಬೀಜ, ಪೇರಲೆ, ಬೆಟ್ಟದ ನೆಲ್ಲಿ, ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ. ಅಮೆರಿಕದ ವಿದ್ವಾಂಸರು ಯಾವುದಕ್ಕೆ ಹೆಚ್ಚು ಅಂಕ ಕೊಟ್ಟರೋ ಅವುಗಳಲ್ಲಿ ಬಹುಪಾಲು ನಮ್ಮ ಹಿತ್ತಿಲಲ್ಲಿ, ತೋಟದ ಬದುವಿನಲ್ಲಿ, ಸೊಪ್ಪಿನ ಬೆಟ್ಟದ ಅಂಚಿನಲ್ಲಿವೆ. ಸಿ ಜೀವಸತ್ವದಲ್ಲಿ ನೆಲ್ಲಿಕಾಯಿಯಾಗಲಿ ಪೇರಲೆಯಾಗಲಿ ಪೇಟೆಯ ಕಿತ್ತಳೆಗಿಂತ ಬಹಳ ಮುಂದೆ.

ದುಃಖದ ಸಂಗತಿಯೆಂದರೆ ಈ ತಟ್ಟೆ ನಮ್ಮ ಕಣ್ಣೆದುರಿಗೇ ಬದಲಾಗುತ್ತಿದೆ. ಗಾಂಧಿ ಬಜಾರಿನಲ್ಲಿ ಹಲಸಿನ ತೊಳೆಗಳನ್ನು ಎಣಿಸಿ ಮಾರುವ ಕಾಲದಲ್ಲಿ ನಮ್ಮೂರಿನ ಹಲಸು ಮರದ ಬುಡದಲ್ಲಿ ಕೊಳೆಯುತ್ತದೆ. ಅದರ ಜಾಗಕ್ಕೆ ಕುರುಕಲು ತಿಂಡಿಯ ಪೊಟ್ಟಣಗಳು, ಬಣ್ಣದ ಸಿಹಿ ಪಾನೀಯಗಳು, ಮೈದಾದ ಬಿಸ್ಕತ್ತುಗಳು ಕೊನೆಯ ಬಸ್ ನಿಲ್ದಾಣದ ಗೂಡಂಗಡಿಯವರೆಗೂ ಏರಿ ಬಂದಿವೆ. ಗದ್ದೆಗಳು ಅಡಿಕೆ ತೋಟಗಳಾದಂತೆ ಗದ್ದೆಬದುವಿನ ಸೊಪ್ಪುಗಳು ಮಾಯವಾದವು. ತೋಟಕ್ಕೆ ಕಳೆನಾಶಕ ಹೊಡೆದ ದಿನ ಕಳೆಯ ಜೊತೆಗೆ ಒಂದೆಲಗವೂ ಸಾಯುತ್ತದೆ. ಕಳೆ ಎಂದು ನಾವು ಕರೆದುದರಲ್ಲಿ ಅರ್ಧ ನಮ್ಮ ಅಜ್ಜಿಯರ ಅಡುಗೆಯಾಗಿತ್ತು ಎಂಬುದನ್ನು ಕಾಲೇಜಿಗೆ ಹೋಗುವ ಮಕ್ಕಳು ಒಮ್ಮೆ ಮನೆಯ ಹಿರಿಯರ ಬಳಿ ಕುಳಿತು ಪಟ್ಟಿ ಮಾಡಿ ನೋಡಬೇಕು.

ಒಲೆಯ ಲೆಕ್ಕ

ತಟ್ಟೆಯಲ್ಲಿ ನಮಗೆ ಒಳ್ಳೆಯ ಅಂಕ ಸಿಗಬಹುದು. ಆದರೆ ಅಮೆರಿಕದ ದಾದಿಯರ ಲೆಕ್ಕದಲ್ಲಿ ಇಲ್ಲದ ಒಂದು ವಸ್ತು ನಮ್ಮ ಅಡುಗೆಮನೆಯಲ್ಲಿದೆ. ಅದು ಸೌದೆ ಒಲೆ.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಶ್ವಾಸಕೋಶ ತಜ್ಞ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಗ್ರಾಮೀಣ ಹೆಂಗಸರನ್ನು ಕುರಿತು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಳಸಿದ ಅಳತೆ ಯಾರಿಗೂ ಅರ್ಥವಾಗುವಷ್ಟು ಸರಳ. ಸೌದೆ, ಸೆಗಣಿ, ಬೆಳೆಯ ಕಸ ಉರಿಸಿ ದಿನಕ್ಕೆ ಎಷ್ಟು ಗಂಟೆ ಅಡುಗೆ ಮಾಡುತ್ತಾರೆ ಎಂಬುದನ್ನು, ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ ಎಂಬುದರಿಂದ ಗುಣಿಸಬೇಕು. ಈ ಗುಣಲಬ್ಧ 60ನ್ನು ಮುಟ್ಟಿದ ಮೇಲೆ ದೀರ್ಘಕಾಲೀನ ಶ್ವಾಸನಾಳದ ಉರಿಯೂತದ ಅಪಾಯ ಗಣನೀಯವಾಗುತ್ತದೆ ಎಂಬುದು ಅವರ ತೀರ್ಮಾನ.

ಈ ಲೆಕ್ಕವನ್ನು ನಮ್ಮ ಮನೆಗೆ ಹಾಕಿ ನೋಡೋಣ. ಹದಿನಾರನೆಯ ವಯಸ್ಸಿಗೆ ಒಲೆಯ ಮುಂದೆ ಕುಳಿತ ಹುಡುಗಿ ದಿನಕ್ಕೆ 4 ಗಂಟೆ ಅಲ್ಲಿ ಕಳೆದರೆ 15 ವರ್ಷಕ್ಕೆ, ಅಂದರೆ ಮೂವತ್ತೊಂದನೆಯ ವಯಸ್ಸಿಗೆ, 60 ತುಂಬುತ್ತದೆ. ದಿನಕ್ಕೆ 3 ಗಂಟೆಯಾದರೆ 20 ವರ್ಷ. ನಮ್ಮ ಅತ್ತೆ, ಅಮ್ಮ, ದೊಡ್ಡಮ್ಮಂದಿರಲ್ಲಿ 60ರ ಒಳಗೆ ಉಳಿದವರು ಯಾರಾದರೂ ಇದ್ದಾರೆಯೇ? ಮೈಸೂರು ಸೀಮೆಯ ಬಿಸಿಲು ನಾಡಿನ ಈ ಲೆಕ್ಕಕ್ಕೆ ಮಲೆನಾಡಿನ ನಾಲ್ಕು ತಿಂಗಳ ಮಳೆಯನ್ನು ಸೇರಿಸಿಕೊಳ್ಳಬೇಕು. ಹಸಿ ಸೌದೆ, ಒದ್ದೆ ಸೋಗೆ, ಅಡಿಕೆ ಹಾಳೆ, ಕಿಟಕಿ ಮುಚ್ಚಿದ ಅಡುಗೆಮನೆ. ಊದುಕೊಳವೆಯಲ್ಲಿ ಊದುವವರ ಮುಖ ಬೆಂಕಿಯಿಂದ ಒಂದು ಮೊಳ ದೂರದಲ್ಲಿರುತ್ತದೆ. ಇದರ ಮೇಲೆ ಬಚ್ಚಲ ಒಲೆ, ಸುಗ್ಗಿಯ ಕಾಲಕ್ಕೆ ಅಡಿಕೆ ಬೇಯಿಸುವ ಹಂಡೆಯ ಒಲೆ. ಬಚ್ಚಲ ಒಲೆಯ ಹೊಗೆಯನ್ನು ಅಡುಗೆಯ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ. ಶ್ವಾಸಕೋಶ ಹಾಗೆ ಬೇರೆ ಬೇರೆ ಖಾತೆ ಇಡುವುದಿಲ್ಲ.

ಒಲೆಯ ಹೊಗೆಗೆ ಉಪಯೋಗಗಳಿದ್ದವು ಎಂಬ ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ. ಅಟ್ಟದ ಅಡಿಕೆ, ಹಪ್ಪಳ, ಬೀಜದ ಬತ್ತ ಆ ಹೊಗೆಯಲ್ಲಿ ಒಣಗಿ ಹುಳುವಿನಿಂದ ಉಳಿದವು. ಆದರೆ ಬೀಜ ಕಾಯುವ ಹೊಗೆಯೇ ಮನುಷ್ಯರ ಎದೆಯನ್ನು ಕಾಯುವುದಿಲ್ಲ.

ಕೊನೆಯಲ್ಲಿ ಉಣ್ಣುವವರು

ಇಲ್ಲಿ ತಟ್ಟೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ, ಈ ಬಾರಿ ಹೆಚ್ಚು ಕಠಿಣವಾಗಿ. ಹೊಗೆಗೆ ಹೆಚ್ಚು ಒಡ್ಡಿಕೊಂಡವರಿಗೆ ಸೊಪ್ಪು, ಹಣ್ಣು, ಕಾಳು, ಮೀನು ಹೆಚ್ಚು ಬೇಕು ಎಂಬುದನ್ನು ಮೇಲೆ ನೋಡಿದೆವು. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಗಂಡಸರು, ಮಕ್ಕಳು, ಬಂದ ನೆಂಟರು ಉಂಡ ಮೇಲೆ ಪಾತ್ರೆಯ ತಳದ ಹುಳಿಯೂ ಉಳಿದ ಅನ್ನವೂ ಬೇಯಿಸಿದವಳ ಪಾಲು. ಪಲ್ಯ ಮುಗಿದಿದ್ದರೆ ಉಪ್ಪಿನಕಾಯಿ. ಹಣ್ಣು ಮಕ್ಕಳಿಗೆ, ಹಾಲು ಡೇರಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ರಕ್ತ ಕಡಿಮೆಯಿರುವವರಿಗೆ ಉಸಿರೂ ಬೇಗ ಸೋಲುತ್ತದೆ. ಕಾಯಿಲೆ ಬಂದ ಮೇಲಂತೂ ಉಸಿರಾಡುವುದೇ ದುಡಿಮೆಯಾಗಿ ದೇಹ ಒಣಗುತ್ತದೆ. ತೂಕ ಇಳಿದಷ್ಟೂ ಬದುಕುಳಿಯುವ ಸಾಧ್ಯತೆ ಇಳಿಯುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ.

ಆದುದರಿಂದ "ಒಳ್ಳೆಯ ಆಹಾರ ತಿನ್ನಿ, ಶ್ವಾಸಕೋಶ ಉಳಿಸಿಕೊಳ್ಳಿ" ಎಂಬ ಉಪದೇಶವನ್ನು ಪಟ್ಟಣದ ಭಾಷೆಯಲ್ಲಿ ಹಾಗೆಯೇ ಬೆಟ್ಟಕ್ಕೆ ತಂದರೆ ಅದು ಅನ್ಯಾಯವಾಗುತ್ತದೆ. ಆ ಒಳ್ಳೆಯ ಆಹಾರವನ್ನು ಮನೆಮಂದಿಗೆಲ್ಲ ಬೇಯಿಸಿ ಹಾಕುವವಳು ಅದಕ್ಕಾಗಿ ಹೆಚ್ಚು ಹೊಗೆ ಕುಡಿದು, ತಾನು ಕಡಿಮೆ ಉಂಡರೆ, ಆ ಊಟವನ್ನು ಆರೋಗ್ಯಕರವೆಂದು ಕರೆಯುವುದು ಹೇಗೆ? ತಟ್ಟೆ ಮತ್ತು ಒಲೆ ಎರಡನ್ನೂ ಒಟ್ಟಿಗೆ ನೋಡದ ಯಾವ ಆರೋಗ್ಯ ಶಿಕ್ಷಣವೂ ನಮ್ಮ ಹಳ್ಳಿಗಳಿಗೆ ಪೂರ್ತಿ ಹೊಂದುವುದಿಲ್ಲ.

ಎರಡು ಆಕ್ಷೇಪಗಳು

ಮೊದಲನೆಯದು: ಆಹಾರ ಕಾಯಿಲೆಯನ್ನು ತಡೆಯುತ್ತದೆಂದು ಪೂರ್ತಿ ಸಾಬೀತಾಗಿದೆಯೇ? ಇಲ್ಲ. ಮೇಲಿನ ಅಧ್ಯಯನಗಳು ಜನರನ್ನು ಗಮನಿಸಿ ಮಾಡಿದವು. ಚೆನ್ನಾಗಿ ಉಣ್ಣುವವರು ಬೇರೆ ಬಗೆಯಲ್ಲೂ ಎಚ್ಚರದಿಂದ ಬದುಕುವವರಿರಬಹುದು. ಆಹಾರ ಎಷ್ಟೇ ನೆರವಾದರೂ ಹೊಗೆಗೆ ಪರಿಹಾರವಲ್ಲ ಎಂಬುದೂ ಸ್ಪಷ್ಟ. ಸ್ವೀಡನ್ನಿನಲ್ಲಿ ದಿನಕ್ಕೆ ಐದು ಪಾಲು ಹಣ್ಣು-ತರಕಾರಿ ತಿಂದರೂ ಸೇದುವವರ ಅಪಾಯ ಸೇದದವರಿಗಿಂತ ಹಲವು ಪಟ್ಟು ಹೆಚ್ಚೇ ಇತ್ತು. ಹಾಗಾಗಿ ಬೀಡಿ ಸೇದಿ ತಂಬುಳಿ ಕುಡಿದರೆ ಸಾಕು ಎಂದು ಯಾರೂ ತಿಳಿಯಬಾರದು. ಆದರೆ ಸೊಪ್ಪು-ಹಣ್ಣು ತಿನ್ನಲು ಪೂರ್ತಿ ಪುರಾವೆಗಾಗಿ ಕಾಯಬೇಕಾದ ಅಗತ್ಯವೂ ಇಲ್ಲ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಅದರ ಹಿತ ತಿಳಿದದ್ದೇ.

ಎರಡನೆಯದು: ಗ್ಯಾಸ್ ಬಂದಿದೆಯಲ್ಲ, ಒಲೆಯ ಮಾತೇಕೆ? 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಹಳ ಮನೆಗಳಿಗೆ ಸಿಲಿಂಡರು ಬಂದಿದ್ದು ನಿಜ, ಸ್ವಾಗತಾರ್ಹವೂ ಹೌದು. ಆದರೆ ಕಾಫಿಗೂ ಒಗ್ಗರಣೆಗೂ ಗ್ಯಾಸ್, ಅನ್ನಕ್ಕೂ ಸ್ನಾನದ ನೀರಿಗೂ ಸೌದೆ ಎಂಬುದು ನಮ್ಮ ಕಡೆಯ ಮಾಮೂಲು ಪದ್ಧತಿ. ಮರುಪೂರಣದ ಬೆಲೆ, ಮಳೆಗಾಲದಲ್ಲಿ ಸಿಲಿಂಡರು ಹೊತ್ತು ತರಬೇಕಾದ ದೂರ, ಹಿತ್ತಿಲಲ್ಲಿ ಪುಕ್ಕಟೆ ಸಿಗುವ ಸೌದೆ ಈ ಮೂರೂ ಸೇರಿ ಒಲೆ ಆರದಂತೆ ನೋಡಿಕೊಂಡಿವೆ.

ಮಾಡಬಹುದಾದದ್ದು

ಒಲೆ ಇರುವವರೆಗೆ ಅದರ ಹೊಗೆಯನ್ನು ಹೊರಗೆ ಕಳಿಸುವ ದಾರಿ ನಮಗೆ ಗೊತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ರೂಪಿಸಿದ ಒಲೆ ಹಲವು ಹಳ್ಳಿಗಳನ್ನು ತಲುಪಿತ್ತು. ಹೊಗೆಕೊಳವೆಯಿದ್ದ ಆ ಒಲೆ ಸೌದೆಯನ್ನೂ ಉಳಿಸುತ್ತಿತ್ತು. ಕೊಳವೆಯಲ್ಲಿ ಮಸಿ ಕಟ್ಟಿದಾಗ ಕೆರೆದು ತೆಗೆಯುವವರಿಲ್ಲದೆ, ಒಡೆದಾಗ ಕಟ್ಟಿಕೊಡುವವರಿಲ್ಲದೆ ಎಷ್ಟೋ ಒಲೆಗಳು ಮೂಲೆ ಸೇರಿದವು. ಒಲೆ ಕಟ್ಟುವುದನ್ನೂ ದುರಸ್ತಿಯನ್ನೂ ಕಲಿತ ಇಬ್ಬರಾದರೂ ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಲಿ. ಸ್ತ್ರೀಶಕ್ತಿ ಸಂಘಗಳು ಈ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಇಡಲಿ. ಸೌದೆಯನ್ನು ಮಳೆಗೆ ಮುನ್ನವೇ ಒಣಗಿಸಿ ಮಾಡಿನ ಕೆಳಗೆ ಪೇರಿಸುವುದು, ಒಲೆಯ ಮೇಲ್ಭಾಗದ ಹೆಂಚು ಸರಿಸಿ ಹೊಗೆಗಿಂಡಿ ಮಾಡುವುದು, ಕೂಸನ್ನು ಒಲೆಯ ಬಳಿ ಮಲಗಿಸದಿರುವುದು ಇವಕ್ಕೆ ಯಾವ ಯೋಜನೆಯೂ ಬೇಡ.

ಊಟದ ವಿಷಯದಲ್ಲಿ ಮನೆಯ ಗಂಡಸರಿಗೆ ಒಂದು ಮಾತು: ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಶ್ವಾಸಕೋಶದ ಆರೋಗ್ಯ ಕಾರ್ಯಕ್ರಮವೂ ಹೌದು. ಪಲ್ಯದಲ್ಲಿ, ಮೀನಿನಲ್ಲಿ, ಹಣ್ಣಿನಲ್ಲಿ ಬೇಯಿಸಿದವಳ ಪಾಲನ್ನು ಮೊದಲೇ ತೆಗೆದಿಡಬೇಕು. ಹಿತ್ತಿಲ ಬಸಳೆ ಚಪ್ಪರ, ನುಗ್ಗೆ, ಪೇರಲೆ, ನೆಲ್ಲಿಗಳನ್ನು ಉಳಿಸಬೇಕು. ಮನೆಯ ಸುತ್ತಲಿನ ಒಂದಷ್ಟು ಜಾಗಕ್ಕಾದರೂ ಕಳೆನಾಶಕ ತಾಗದಂತೆ ನೋಡಿಕೊಳ್ಳಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಹತ್ತು ಮನೆಗಳಲ್ಲಿ ಒಲೆಯ ಗಂಟೆ ಮತ್ತು ವರ್ಷಗಳ ಗುಣಾಕಾರ ಮಾಡಿ, 60 ದಾಟಿದವರ ಪಟ್ಟಿಯನ್ನು ಆ ಮನೆಯವರ ಒಪ್ಪಿಗೆ ಪಡೆದು ಆಶಾ ಕಾರ್ಯಕರ್ತೆಯರಿಗೆ ಕೊಡಲಿ. ಮೂರು ತಿಂಗಳಿಗೂ ಮಿಕ್ಕಿ ಕಫದ ಕೆಮ್ಮಿರುವವರನ್ನು, ದರೆ ಹತ್ತುವಾಗ ಏದುಸಿರು ಬಿಡುವವರನ್ನು ಊದಿ ನೋಡುವ ಸ್ಪೈರೋಮೀಟರ್ ಪರೀಕ್ಷೆಗೆ ಕರೆದೊಯ್ಯಲಿ. ಈ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕೆಂದು ನಾವು ಕೇಳಬೇಕು. ಎದೆಯ ಪರೀಕ್ಷೆಗಾಗಿ ಮುದುಕಿಯೊಬ್ಬಳು ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ಮಕ್ಕಳ ಮನೆಯಲ್ಲಿ ಇಳಿದುಕೊಳ್ಳುವ ಪರಿಸ್ಥಿತಿ ಇರಬಾರದು.

ಬರುವ ಮಳೆಗಾಲಕ್ಕೆ ಇನ್ನೂ ಸಮಯವಿದೆ. ಸೌದೆ ಒಣಗಿಸಲು, ಹೊಗೆಕೊಳವೆ ಕೆರೆಯಲು, ಬಸಳೆಗೆ ಚಪ್ಪರ ಹಾಕಲು ಅಷ್ಟು ಸಮಯ ಸಾಕು.